ಮಗಳ ಕನ್ನಡಕದೊಳಗೆ ಜೇನುಗೂಡು: ಕಡೆಗಣ್ಣಿನ ನೋಟಕ್ಕೂ ಕಣ್ಣಿನ ಉದ್ದಕ್ಕೂ ಏನು ಸಂಬಂಧ?

ಬಿಜೈ ಬಾಲ್ಕನಿ
ಭಾನುವಾರ, ರಾತ್ರಿ 9.40

ಮಗಳಿಗೆ ಒಂಬತ್ತು ತುಂಬಿದೆ, ನಾಲ್ಕನೆಯ ತರಗತಿ. ಕಳೆದ ವರ್ಷ ಮೈನಸ್ 1.25 ಇದ್ದ ನಂಬರು ಈ ಏಪ್ರಿಲ್ ರಜೆಯಲ್ಲಿ ತೋರಿಸಿದಾಗ 2.25 ಆಗಿತ್ತು. ವರ್ಷಕ್ಕೊಂದರಂತೆ ಏರುತ್ತಾ ಹೋದರೆ ಪಿಯುಸಿ ಹೊತ್ತಿಗೆ ನನ್ನ ಸೋದರಮಾವನ ಹಾಗೆ ಸೋಡಾ ಬುಡ್ಡಿಯೇ ಗತಿ ಎಂದು ಹೆಂಡತಿಗೆ ಚಿಂತೆ. ನನಗೂ ಮೈನಸ್ 4 ಇದೆ. ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನ್ನ ವಂಶಕ್ಕೆ, ಉಳಿದರ್ಧ ಮೊಬೈಲಿಗೆ.

ಪರೀಕ್ಷೆ ಮಾಡಿದವರು ಈ ಸಲ ಮಾಮೂಲಿ ಗಾಜು ಬೇಡ, ನಂಬರು ಏರದಂತೆ ತಡೆ ಹಿಡಿಯುವ ಹೊಸ ಬಗೆಯ ಲೆನ್ಸ್ ಇದೆ ಎಂದರು. ಫ್ರೇಮ್ ಸೇರಿ ಹದಿನೆಂಟು ಸಾವಿರ ಚಿಲ್ಲರೆ. ಮಗಳ ಕಣ್ಣಿನ ವಿಷಯ, ಕೊಟ್ಟೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ: "ಸೈಡಿನಿಂದ ಕಣ್ಣಿಗೆ ಸಿಗ್ನಲ್ ಹೋಗುತ್ತದೆ ಸರ್." ಮಂಗಳೂರಿನ ಪಿವಿಎಸ್ ವೃತ್ತದಲ್ಲಿ ಎದುರಿನಿಂದ ಬರುವ ಸಿಗ್ನಲ್ಲನ್ನೇ ನಮ್ಮ ಬಸ್ಸಿನವರು ನೋಡುವುದಿಲ್ಲ, ಇನ್ನು ಕಣ್ಣು ಸೈಡಿನದ್ದನ್ನು ನೋಡಿ ಏನು ಮಾಡುತ್ತದೆ?

ರಾತ್ರಿ ಅವಳು ಮಲಗಿದ ಮೇಲೆ ಕನ್ನಡಕವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ನೇರವಾಗಿ ನೋಡಿದರೆ ಏನೂ ಇಲ್ಲ, ಸಾದಾ ಗಾಜು. ಸ್ವಲ್ಪ ಓರೆ ಮಾಡಿದಾಗ ನಡುವೆ ಅಂಗಿಯ ಗುಂಡಿಯಷ್ಟು ಜಾಗ ನುಣುಪು, ಅದರ ಸುತ್ತ ನೂರಾರು ಚುಕ್ಕಿಗಳು, ಥೇಟ್ ಜೇನುಗೂಡು. ಮೊಬೈಲಿನ ಟಾರ್ಚ್ ಹಿಡಿದರೆ ಗೋಡೆಯ ಮೇಲೆ ಒಂದೊಂದು ಚುಕ್ಕಿಯೂ ಒಂದೊಂದು ಬೆಳಕಿನ ಹನಿಯಾಗಿ ಬಿತ್ತು. ಚೆಂದ ಕಂಡಿತು, ಅರ್ಥವಾಗಲಿಲ್ಲ.

ಅವಳು ಕರಿಹಲಗೆ ನೋಡುವುದು ನಡುವಿನ ಗುಂಡಿಯಿಂದ. ಅಂಚಿನಲ್ಲಿ ಏನು ಮಸುಕಾದರೆ ಕಣ್ಣಿಗೇನು? ಕಣ್ಣುಗುಡ್ಡೆ ಉದ್ದವಾದರೆ ಮೈನಸ್ ಏರುತ್ತದಂತೆ. ಕಡೆಗಣ್ಣಿನಲ್ಲಿ ಕಂಡದ್ದನ್ನು ಹಿಡಿದು ಅದು ತನ್ನ ಉದ್ದ ನಿರ್ಧರಿಸುತ್ತದೆಯೇ? ತಿಳಿದವರು ಹೇಳಿ. ಇದು ವಿಜ್ಞಾನವೋ, ವ್ಯಾಪಾರವೋ?


ಮಲ್ಪೆ ಗಾಳಿ
ರಾತ್ರಿ 9.58

ವ್ಯಾಪಾರ. ನಮ್ಮ ಮನೆಯಲ್ಲಿ ಅಜ್ಜಿ ವಾರಕ್ಕೆರಡು ದಿನ ಒಂದೆಲಗದ ತಂಬುಳಿ ಮಾಡುತ್ತಿದ್ದರು. ಐದು ಮಂದಿ ಮೊಮ್ಮಕ್ಕಳು, ಒಬ್ಬರಿಗೂ ಕನ್ನಡಕವಿಲ್ಲ. ಸಮುದ್ರ ನೋಡುತ್ತಾ ಬೆಳೆದ ಕಣ್ಣಿಗೆ ಗಾಜು ಏಕೆ? ಹದಿನೆಂಟು ಸಾವಿರಕ್ಕೆ ಒಂದು ಸಣ್ಣ ದೋಣಿಯ ಬಲೆ ಬರುತ್ತದೆ ಮಾರಾಯರೇ.


ಕಣ್ಣಳತೆ
ರಾತ್ರಿ 10.35

ಬಿಜೈಯವರೇ, ನಾನು ಆಪ್ಟೋಮೆಟ್ರಿ ಓದಿದವಳು, ಹನ್ನೊಂದು ವರ್ಷದಿಂದ ಮಕ್ಕಳ ಕಣ್ಣನ್ನೇ ಅಳೆಯುತ್ತಿದ್ದೇನೆ. ಲೆನ್ಸ್ ಮಾರುವುದು ನನ್ನ ಕೆಲಸವಲ್ಲ, ಆದ್ದರಿಂದ ಸಂಕೋಚವಿಲ್ಲದೆ ಬರೆಯುತ್ತೇನೆ. ಉದ್ದವಾದೀತು, ಚಹಾ ಇಟ್ಟುಕೊಂಡು ಓದಿ.

ಮಗು ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಹೆಚ್ಚುಕಡಿಮೆ 17 ಮಿಲಿಮೀಟರ್. ಬೆಳೆದವರಲ್ಲಿ 24ರ ಆಸುಪಾಸು. ಈ ಏಳು ಮಿಲಿಮೀಟರ್ ಬೆಳೆಯುವಾಗ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾ, ಒಳಗಿನ ಮಸೂರ, ಹಿಂದೆ ಬಿಂಬ ಬೀಳುವ ಪರದೆಯಾದ ಅಕ್ಷಿಪಟಲ ಮೂರೂ ಒಂದಕ್ಕೊಂದು ಹೊಂದಿಕೊಂಡು ಹೋಗಬೇಕು. ಉದ್ದ ಒಂದು ಮಿಲಿಮೀಟರ್ ಮಿಕ್ಕಿದರೂ ಸುಮಾರು ಎರಡೂವರೆ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಮೈನಸ್ ಬಂದೇ ಬಿಟ್ಟಿತು. ಅಳತೆಪಟ್ಟಿ ಹಿಡಿದ ಬಡಗಿಯೂ ಇಷ್ಟು ಕರಾರುವಾಕ್ಕಾಗಿ ಕೊಯ್ಯಲಾರ. ಹಾಗಿದ್ದೂ ಬಹಳ ಮಕ್ಕಳ ಕಣ್ಣು ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ನಿಲ್ಲು ಎಂದು ಹೇಳುವವರು ಯಾರು?

ಒಳಗೆ ಬೀಳುವ ಬಿಂಬವೇ. 1977ರಲ್ಲಿ ವೀಸೆಲ್ ಮತ್ತು ರವಿಯೋಲಾ ಎಂಬ ಇಬ್ಬರು ಕೋತಿಮರಿಗಳ ರೆಪ್ಪೆ ಹೊಲಿದು ನೋಡಿದರು. ಸ್ಪಷ್ಟ ಬಿಂಬ ಸಿಗದ ಕಣ್ಣು ಉದ್ದಕ್ಕೆ ಬೆಳೆಯುತ್ತಲೇ ಹೋಯಿತು. (ಈ ವೀಸೆಲ್ ಅವರಿಗೇ 1981ರಲ್ಲಿ ನೊಬೆಲ್ ಬಂತು, ದೃಷ್ಟಿಯ ಕುರಿತ ಬೇರೆ ಕೆಲಸಕ್ಕೆ.) 1988ರಲ್ಲಿ ಶೆಫೆಲ್ ಮತ್ತು ಜೊತೆಗಾರರು ಕೋಳಿಮರಿಗಳಿಗೆ ಕನ್ನಡಕ ಹಾಕಿದರು. ಮೈನಸ್ ಮಸೂರ ಹಾಕಿದರೆ ಬಿಂಬ ಅಕ್ಷಿಪಟಲದ ಹಿಂದಕ್ಕೆ ಸರಿಯುತ್ತದೆ. ಕಣ್ಣು ಅದನ್ನು ಹಿಡಿಯಲು ಹಿಂದಕ್ಕೆ ಬೆಳೆಯಿತು. ಪ್ಲಸ್ ಹಾಕಿದರೆ ಬಿಂಬ ಮುಂದೆ ಬೀಳುತ್ತದೆ. ಕಣ್ಣು ಬೆಳವಣಿಗೆಯನ್ನೇ ನಿಧಾನ ಮಾಡಿತು.

ಇನ್ನು ನಿಮ್ಮ "ಸೈಡು". ನ್ಯೂಯಾರ್ಕಿನ ಜಾಶ್ ವಾಲ್‌ಮನ್ ತಂಡ 1987ರಲ್ಲಿ ಕೋಳಿಮರಿಯ ಕಣ್ಣಿಗೆ ಅರ್ಧ ಮಾತ್ರ ಮಂಜುಗಾಜು ಮುಚ್ಚಿತು. ಏನಾಗಿರಬಹುದು? ಮಂಜು ಕಂಡ ಅರ್ಧ ಮಾತ್ರ ಉಬ್ಬಿ ಬೆಳೆಯಿತು, ಇನ್ನರ್ಧ ಇದ್ದ ಹಾಗೆಯೇ ಇತ್ತು. ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದ ಮೇಲೂ ಇದು ನಡೆಯಿತು. ಅಂದರೆ ತೀರ್ಮಾನ ಮಿದುಳಿನಲ್ಲಿ ಅಲ್ಲ, ಅಲ್ಲಲ್ಲಿಯ ಅಕ್ಷಿಪಟಲ ಅಲ್ಲಲ್ಲಿಯ ಗೋಡೆಗೆ ನೇರವಾಗಿ ಹೇಳಿಬಿಡುತ್ತದೆ.

ಕೋಳಿಗೂ ಮನುಷ್ಯನಿಗೂ ಎಲ್ಲಿಗೆಲ್ಲಿಯ ಸಂಬಂಧ ಎನ್ನುವಿರಿ. ಕೋಳಿಗೆ ನಮ್ಮಂಥ ಫೋವಿಯಾ (ಅಕ್ಷಿಪಟಲದ ನಡುವೆ ಅತಿ ಸ್ಪಷ್ಟವಾಗಿ ಕಾಣುವ ಪುಟ್ಟ ಜಾಗ) ಇಲ್ಲ ಎಂಬುದೂ ನಿಜ. ಅದಕ್ಕೇ ಹ್ಯೂಸ್ಟನ್ನಿನ ಅರ್ಲ್ ಸ್ಮಿತ್ ತಂಡ 2005ರಲ್ಲಿ ಮಾಡಿದ ಕೆಲಸ ಮುಖ್ಯವಾಯಿತು. ಕೋತಿಮರಿಗಳಿಗೆ ನಡುವೆ ತೂತಿರುವ ಮಂಜುಗಾಜು ಹಾಕಿದರು. ನೇರ ನೋಟ ಸ್ವಚ್ಛ, ಸುತ್ತ ಮಾತ್ರ ಮಸುಕು. ನಡು ಸರಿಯಿದ್ದರೆ ಸಾಕು ಎಂದಿದ್ದರೆ ಏನೂ ಆಗಬಾರದಿತ್ತು. ಆದರೂ ಮೈನಸ್ ಬಂತು. ಆಮೇಲೆ ಮಂಜುಗಾಜು ತೆಗೆದು, ಕೆಲವು ಮರಿಗಳ ಒಂದು ಕಣ್ಣಿನ ಫೋವಿಯಾವನ್ನು ಲೇಸರಿನಿಂದ ಸುಟ್ಟರು (ಓದಲು ಹಿತವಲ್ಲ, ಬಲ್ಲೆ). ನಡುವೇ ಇಲ್ಲದ ಆ ಕಣ್ಣು ಜೊತೆಯ ಕಣ್ಣಿನಷ್ಟೇ ಚೆನ್ನಾಗಿ ಮತ್ತೆ ಸರಿಯಾದ ಅಳತೆಗೆ ಬಂತು.

ನೀವು ಅಕ್ಷರ ಓದುವುದು ಫೋವಿಯಾದಿಂದ. ಅದರ ಅಗಲ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಉಳಿದ ಅಕ್ಷಿಪಟಲ ಅದರ ನೂರಾರು ಪಟ್ಟು ದೊಡ್ಡದು. ಗ್ರಾಮಸಭೆಯಲ್ಲಿ ಮುಂದಿನ ಕುರ್ಚಿಯವರು ಎಷ್ಟೇ ಸ್ಪಷ್ಟವಾಗಿ ಮಾತನಾಡಲಿ, ಹಿಂದೆ ನಿಂತವರೆಲ್ಲ ಕೈ ಎತ್ತಿದರೆ ನಿರ್ಣಯ ಅವರದ್ದೇ.

ಉಳಿದದ್ದು ನಾಳೆ. ಬೆಳಗ್ಗೆ ಡ್ಯೂಟಿ ಇದೆ.


ಮಲ್ಪೆ ಗಾಳಿ
ರಾತ್ರಿ 10.51

ಕೋಳಿಗೆ ಕನ್ನಡಕ ಹಾಕಿದವರ ಹತ್ತಿರ ವಾದ ಮಾಡಲಾರೆ. ಶುಭರಾತ್ರಿ.


ಅಜ್ಜರಕಾಡು ಮೇಷ್ಟ್ರು
ಸೋಮವಾರ, ಬೆಳಗ್ಗೆ 6.20

ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಕಣ್ಣಳತೆಯವರ ವಿವರಣೆಯಲ್ಲಿ ಒಂದು ಕೊಂಡಿ ಬಿಟ್ಟುಹೋಗಿದೆ. ಮಾಮೂಲಿ ಮೈನಸ್ ಗಾಜು ಬಿಂಬವನ್ನು ಅಕ್ಷಿಪಟಲದ ಮೇಲೆ ತಂದು ಕೂರಿಸುತ್ತದೆಯಷ್ಟೆ. ಹಾಗಿದ್ದೂ ಅಂಚಿನಲ್ಲಿ ಅದು ಅಕ್ಷಿಪಟಲದ ಹಿಂದೆ ಬೀಳುತ್ತದೆ ಎನ್ನುತ್ತಾರಲ್ಲ, ಏಕೆ? ಇದಕ್ಕೆ ಮನೆಯಲ್ಲೇ ಮಾಡುವ ಒಂದು ಪ್ರಯೋಗವಿದೆ, ಮಾಡಿ ನೋಡಿ.

ಅಂಚೆಚೀಟಿ ನೋಡುವ ಭೂತಗನ್ನಡಿ ಒಂದು, ಹಳೆಯ ಮದುವೆ ಕಾಗದ ಒಂದು. ಹಗಲು ಹೊತ್ತು, ಕೋಣೆಯ ದೀಪ ಆರಿಸಿ, ಕಿಟಕಿಗೆ ಎದುರಾಗಿ ಒಂದೆರಡು ಮೀಟರ್ ಹಿಂದೆ ನಿಲ್ಲಿ. ಕಾಗದದ ಮೇಲೆ ಕಿಟಕಿಯ ಸರಳುಗಳ ಬಿಂಬ ತಲೆಕೆಳಗಾಗಿ ಬೀಳುವಂತೆ ಗಾಜನ್ನು ಹಿಂದೆ ಮುಂದೆ ಮಾಡಿ. ನಡುವಿನ ಸರಳು ಚೂಪಾಗಿ ಮೂಡಿದಾಗ ಅಂಚಿನ ಸರಳುಗಳನ್ನು ನೋಡಿ: ಮಸುಕು. ಈಗ ಕಾಗದದ ಎರಡೂ ಅಂಚನ್ನು ಮೆಲ್ಲಗೆ ಗಾಜಿನ ಕಡೆಗೆ ಬಾಗಿಸಿ, ಅಡಿಕೆ ಹಾಳೆಯ ದೊನ್ನೆಯ ಹಾಗೆ. ಅಂಚಿನ ಸರಳುಗಳೂ ಚೂಪಾಗುತ್ತವೆ! ಮಸೂರ ಮೂಡಿಸುವ ಬಿಂಬ ಚಪ್ಪಟೆಯಲ್ಲ, ಬಟ್ಟಲಿನಾಕಾರ. ನಮ್ಮ ಅಕ್ಷಿಪಟಲವೂ ಬಟ್ಟಲು, ಅದರಿಂದಲೇ ನಮಗೆ ಅಂಚು ಒಪ್ಪುವಷ್ಟು ಕಾಣುತ್ತದೆ.

ಇಲ್ಲಿಯವರೆಗೆ ಸಂತೋಷ. ಈಗ ಕಾಗದವನ್ನು ಇನ್ನೂ ಬಾಗಿಸಿ. ಅಂಚು ಮತ್ತೆ ಮಸುಕಾಯಿತೇ? ಈ ಸಲ ಕಾಗದ ಬಿಂಬಕ್ಕಿಂತ ಮುಂದೆ ಬಂದುಬಿಟ್ಟಿದೆ. ಅಂದರೆ ಬಿಂಬ ಕಾಗದದ ಹಿಂದೆ ಬಿದ್ದಿದೆ. ಉದ್ದವಾದ ಕಣ್ಣು ಇದೇ. ಗೋಲಿಯ ಆಕಾರ ಹೋಗಿ ಮೊಟ್ಟೆಯ ಆಕಾರ ಬಂದಾಗ ಹಿಂದಿನ ಬಟ್ಟಲು ಕಡಿದಾಗುತ್ತದೆ. ಮೈನಸ್ ಗಾಜು ಹಾಕಿ ನಡುವನ್ನು ಸರಿಮಾಡಿದಿರಿ, ಅಂಚಿನ ಬಿಂಬ ಗೋಡೆಯ ಆಚೆಗೇ ಉಳಿಯಿತು.

ನಿನ್ನೆ ರಾತ್ರಿಯ ವಾದವನ್ನು ಇದಕ್ಕೆ ಜೋಡಿಸಿ. ಬಿಂಬ ಹಿಂದಿದೆ, ಬೆಳೆ ಎಂದು ಅಂಚು ಹೇಳುತ್ತದೆ. ಕಣ್ಣು ಬೆಳೆಯುತ್ತದೆ. ನಡು ಮತ್ತೆ ಮಸುಕು, ಹೊಸ ನಂಬರು, ಮತ್ತೆ ಅಂಚು ಹಿಂದೆ. ಕೇಳಲು ಬಹಳ ಸೊಗಸಾಗಿದೆ. ಸೊಗಸಾಗಿರುವುದರಿಂದಲೇ ನನಗೆ ಅನುಮಾನ. ಅದನ್ನು ಸಂಜೆ ಬರೆಯುತ್ತೇನೆ.


ಬಿಜೈ ಬಾಲ್ಕನಿ
ಬೆಳಗ್ಗೆ 8.05

ಮೇಷ್ಟ್ರೇ, ಕಚೇರಿಗೆ ಹೊರಡುವ ಮೊದಲೇ ಮಾಡಿ ನೋಡಿದೆ. ಮಗಳು ಕಾಗದ ಹಿಡಿದಳು, ನಾನು ಗಾಜು. ಮೂರನೆಯ ಹಂತದಲ್ಲಿ "ಅಪ್ಪ, ಕಿಟಕಿ ಕಾಗದದ ಹಿಂದೆ ಹೋಯಿತು" ಎಂದವಳು ಅವಳೇ. ಅಜ್ಜಿಯ ಅರುವತ್ತರ ಶಾಂತಿಯ ಆಮಂತ್ರಣ ಪತ್ರಿಕೆ ಸಾರ್ಥಕವಾಯಿತು.


ಕುಂದಾಪುರದವಳು
ಬೆಳಗ್ಗೆ 11.15

ನನಗೆ ಎರಡೂ ಕಣ್ಣಿಗೆ ಮೈನಸ್ 7. ಚಿಕ್ಕವಳಿದ್ದಾಗ ಮನೆಯವರೆಲ್ಲ ಸೇರಿ, ಪೂರ್ತಿ ನಂಬರು ಕೊಟ್ಟರೆ ಕಣ್ಣು ಸೋಮಾರಿಯಾಗುತ್ತದೆ ಎಂದು ಪ್ರತಿ ಸಲವೂ ಸ್ವಲ್ಪ ಕಡಿಮೆಯದ್ದನ್ನೇ ಹಾಕಿಸುತ್ತಿದ್ದರು. ಹಲಗೆ ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರೆದು ಪೆಟ್ಟು ತಿಂದಿದ್ದೇನೆ. ಅದರಿಂದ ನನಗೆ ಲಾಭವಾಯಿತೇ, ನಷ್ಟವಾಯಿತೇ? ಇಷ್ಟು ವರ್ಷದ ಮೇಲೆ ಯಾರನ್ನೂ ಬೈಯಲು ಅಲ್ಲ, ತಿಳಿಯುವ ಆಸೆ.


ಕಣ್ಣಳತೆ
ಮಧ್ಯಾಹ್ನ 1.40

ಕುಂದಾಪುರದ ತಂಗಿ, ಲಾಭವಂತೂ ಆಗಿರಲಾರದು. 2002ರಲ್ಲಿ ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷಿಸಿದರು. ಅರ್ಧ ಮಕ್ಕಳಿಗೆ ಪೂರ್ತಿ ನಂಬರು, ಇನ್ನರ್ಧಕ್ಕೆ 0.75 ಕಡಿಮೆ. ಎರಡು ವರ್ಷದ ಕೊನೆಗೆ ಕಡಿಮೆ ಕೊಟ್ಟವರಿಗೇ ನಂಬರು ಹೆಚ್ಚು ಏರಿತ್ತು. ಕೋಳಿಮರಿಯ ಲೆಕ್ಕದಲ್ಲಿ ಬಿಂಬ ಮುಂದೆ ಬಿದ್ದರೆ ಬೆಳವಣಿಗೆ ನಿಲ್ಲಬೇಕಿತ್ತು, ಹಾಗಾಗಲಿಲ್ಲ. ಇಡೀ ನೋಟ ಸದಾ ಮಸುಕಾಗಿದ್ದರೆ ಕಣ್ಣು ಅದನ್ನು ಬೇರೆ ರೀತಿ ಓದುತ್ತದೆ ಎಂದು ಕಾಣುತ್ತದೆ. ನಿಮ್ಮ ಮನೆಯವರದ್ದು ತಪ್ಪೆನ್ನಲಾರೆ, ಆಗ ಹಾಗೆ ಹೇಳುವ ಪರಿಣತರೂ ಇದ್ದರು. ಈಗ ಅದನ್ನು ಯಾರೂ ಮಾಡಬಾರದು.

ಒಂದು ಮಾತು: ಮೈನಸ್ 6 ದಾಟಿದವರು ವರ್ಷಕ್ಕೊಮ್ಮೆ ಪಾಪೆ ದೊಡ್ಡದು ಮಾಡುವ ಹನಿ ಹಾಕಿಸಿ ಅಕ್ಷಿಪಟಲ ತೋರಿಸಿಕೊಳ್ಳಬೇಕು. ಎಳೆದು ತೆಳುವಾದ ಪದರ, ಹರಿಯುವ ಅಪಾಯ ಹೆಚ್ಚು. ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮಲ್ಪೆಯವರೇ, ಒಂದೆಲಗದ ತಂಬುಳಿ ನನಗೂ ಪ್ರಾಣ. ಅದು ಕಣ್ಣಿನ ಉದ್ದ ಕಡಿಮೆ ಮಾಡುವುದಿಲ್ಲ. ಆದರೆ ಸಮುದ್ರದ ವಿಷಯದಲ್ಲಿ ನೀವು ಅರಿಯದೆಯೇ ಸರಿಯಾದ ಮಾತು ಹೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.


ಅಜ್ಜರಕಾಡು ಮೇಷ್ಟ್ರು
ಸಂಜೆ 6.50

ನನ್ನ ಅನುಮಾನ ಇದು. ಕಡೆಗಣ್ಣಿನ ಈ ಕಥೆಗೆ ಮೂಲ 1971ರ ಒಂದು ಡಚ್ ಅಧ್ಯಯನ. ಹೂಗರ್‌ಹೈಡ್ ಎಂಬವರು ತರಬೇತಿಯಲ್ಲಿದ್ದ ವಿಮಾನ ಚಾಲಕರ ಕಣ್ಣಿನ ಅಂಚನ್ನು ಅಳೆದು, ಅಂಚಿನಲ್ಲಿ ಬಿಂಬ ಹಿಂದೆ ಬೀಳುವವರಿಗೆ ಮುಂದೆ ಮೈನಸ್ ಬರುತ್ತದೆ ಎಂದು ಬರೆದರು ಎಂಬುದು ವಾಡಿಕೆ. ನಲವತ್ತು ವರ್ಷ ಎಲ್ಲರೂ ಅದನ್ನೇ ಉಲ್ಲೇಖಿಸಿದರು. 2012ರಲ್ಲಿ ರೊಸೆನ್ ಮತ್ತು ಸಂಗಡಿಗರು ಮೂಲ ಲೇಖನವನ್ನು ಮತ್ತೆ ಕೂತು ಓದಿದಾಗ, ಅಂಚಿನ ಅಳತೆ ತೆಗೆದದ್ದು ಮೈನಸ್ ಬರುವ ಮೊದಲಲ್ಲ, ಆಮೇಲೆ ಇರಬೇಕು ಎಂದು ಕಂಡಿತು! ಕಾರಣವೆಂದು ನಂಬಿದ್ದು ಪರಿಣಾಮವಾಗಿ ಹೋಯಿತು. ಮೂಲ ಓದದೆ ಉದ್ಧರಿಸುವ ಚಾಳಿ ನಮ್ಮ ಸೆಮಿನಾರುಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ಸಾಲದ್ದಕ್ಕೆ 2011ರಲ್ಲಿ ಅಮೆರಿಕದ ಮುಟ್ಟಿ ತಂಡ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಅಂಚಿನಲ್ಲಿ ಬಿಂಬ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ಯಾರಿಗೆ ಮೈನಸ್ ಬರುತ್ತದೆ ಎಂದು ಹೇಳಲು ಆಗಲೇ ಇಲ್ಲ. ಅಂಚಿನ ಬಿಂಬವನ್ನು ಮುಂದಕ್ಕೆಳೆಯಲೆಂದೇ ಮಾಡಿದ ಮೊದಲ ತಲೆಮಾರಿನ ಕನ್ನಡಕಗಳೂ ಚೀನಾ ಮತ್ತು ಜಪಾನಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ.

ಹಾಗಾದರೆ ಬಿಜೈಯವರ ಹದಿನೆಂಟು ಸಾವಿರ ಯಾವ ಆಧಾರದ ಮೇಲೆ ಹೋಯಿತು? ಇದು ಜಗಳವಲ್ಲ ಕಣ್ಣಳತೆಯವರೇ. ಉತ್ತರ ನನಗೂ ಬೇಕು. ನನ್ನ ಮೊಮ್ಮಗನಿಗೂ ಏಳು ವರ್ಷ.


ಕಣ್ಣಳತೆ
ರಾತ್ರಿ 9.15

ಮೇಷ್ಟ್ರೇ, ನನ್ನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಿಮ್ಮನ್ನು ಒಮ್ಮೆ ಕರೆಸಬೇಕು. ನೀವು ಬರೆದದ್ದೆಲ್ಲ ಸರಿ. ಆದರೆ ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ.

ಮೊದಲನೆಯದು, ಅಂಚಿನಲ್ಲಿ ಬಿಂಬ ಹಿಂದೆ ಬೀಳುವುದೇ ಮಕ್ಕಳಿಗೆ ಮೈನಸ್ ಬರಿಸುತ್ತದೆಯೇ ಎಂಬುದು. ಇದಕ್ಕೆ ಪುರಾವೆ ಸಾಲದು. ಕಣ್ಣು ಉದ್ದವಾದದ್ದರಿಂದ ಅಂಚು ಹಾಗಾಯಿತು ಎನ್ನುವುದೇ ಹೆಚ್ಚು ಒಪ್ಪುವ ಮಾತು. "ಸಾದಾ ಗಾಜು ಹಾಕಿದರೆ ಕಣ್ಣು ಕೆಡುತ್ತದೆ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಎರಡನೆಯದು, ಕಾರಣ ಏನೇ ಇರಲಿ, ಸುತ್ತಲಿನ ಅಕ್ಷಿಪಟಲಕ್ಕೆ ಬೇಕೆಂದೇ ಮುಂದೆ ಬೀಳುವ ಬಿಂಬವನ್ನೂ ತೋರಿಸಿದರೆ ಬೆಳವಣಿಗೆ ತಗ್ಗುತ್ತದೆಯೇ ಎಂಬುದು. ಇದಕ್ಕೆ ಮಕ್ಕಳಲ್ಲೇ ಪುರಾವೆ ಇದೆ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಜಪಾನಿನ ಹೋಯಾ ಕಂಪನಿಯ ಜೊತೆ ಮಾಡಿದ ಲೆನ್ಸಿನಲ್ಲಿ ನಡುವೆ 9 ಮಿಲಿಮೀಟರ್ ಸಾದಾ ಜಾಗ, ಸುತ್ತ ಸುಮಾರು 400 ಪುಟ್ಟ ಮಸೂರಗಳು. ಒಂದೊಂದೂ ಒಂದು ಮಿಲಿಮೀಟರಿನಷ್ಟು ಅಗಲ, ಒಂದೊಂದಕ್ಕೂ ಮೂಲ ನಂಬರಿಗಿಂತ 3.50 ಹೆಚ್ಚು ಪ್ಲಸ್. ಬಿಜೈಯವರು ಗೋಡೆಯ ಮೇಲೆ ಕಂಡ ಬೆಳಕಿನ ಹನಿಗಳು ಇಂಥವೇ. ಎರಡು ವರ್ಷದ ಪರೀಕ್ಷೆಯಲ್ಲಿ ಸಾದಾ ಗಾಜಿನವರಿಗೆ ಹೋಲಿಸಿದರೆ ನಂಬರಿನ ಏರಿಕೆ 52 ಶೇಕಡಾ, ಕಣ್ಣಿನ ಉದ್ದದ ಏರಿಕೆ 62 ಶೇಕಡಾ ಕಡಿಮೆಯಾಗಿತ್ತು. ಹೊರಗೆ ಪ್ಲಸ್ ಇರುವ ಕಾಂಟ್ಯಾಕ್ಟ್ ಲೆನ್ಸಿನಲ್ಲೂ ಅದೇ ದಿಕ್ಕು. 2020ರ ಅಮೆರಿಕದ ಪರೀಕ್ಷೆಯಲ್ಲಿ ಮೂರು ವರ್ಷಕ್ಕೆ ಸಾದಾ ಲೆನ್ಸಿನವರು 1.05 ಏರಿದರೆ, 2.50 ಪ್ಲಸ್ ಇದ್ದವರು 0.60 ಏರಿದರು.

ನೀವು ಹೇಳಿದ ಹಳೆಯ ಕನ್ನಡಕಗಳಿಗೂ ಇವಕ್ಕೂ ವ್ಯತ್ಯಾಸ ಇಲ್ಲಿದೆ. ಅವು ಅಂಚಿನ ಒಂದೇ ಬಿಂಬವನ್ನು ಚೂರು ಮುಂದಕ್ಕೆ ಎಳೆಯಲು ನೋಡಿದವು. ಇವು ಎರಡು ಬಿಂಬ ಕೊಡುತ್ತವೆ: ಪುಟ್ಟ ಮಸೂರಗಳ ನಡುವಿನ ಸಾದಾ ಗಾಜಿನಿಂದ ಒಂದು, ಮಸೂರಗಳಿಂದ ಅದಕ್ಕಿಂತ ಸಾಕಷ್ಟು ಮುಂದೆ ಇನ್ನೊಂದು. ಎರಡೂ ಬಿದ್ದಾಗ ಕಣ್ಣು "ನಿಲ್ಲು" ಎಂಬುದಕ್ಕೇ ಹೆಚ್ಚು ಕಿವಿಗೊಡುವಂತೆ ಕಾಣುತ್ತದೆ.

"ಕಾಣುತ್ತದೆ" ಎಂದೆ, ಏಕೆಂದರೆ ಈ ಕಥೆಗೆ ಒಂದು ತೊಡಕು ಇದೆ. ಇನ್ನೊಂದು ಬಗೆಯ ಗಾಜಿನಲ್ಲಿ ಪ್ಲಸ್ ಮಸೂರವೇ ಇಲ್ಲ. ಬೆಳಕನ್ನು ಚೆದುರಿಸುವ ಸಣ್ಣ ಚುಕ್ಕಿಗಳು ಮಾತ್ರ. ಸುತ್ತಲಿನ ಚಿತ್ರದ ಕಪ್ಪು ಬಿಳುಪಿನ ಕಟುತನವನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಅದೂ ಮಕ್ಕಳಲ್ಲಿ ಏರಿಕೆ ತಗ್ಗಿಸಿದೆ. ಹಾಗಾದರೆ ಕೆಲಸ ಮಾಡುವುದು ಬಿಂಬದ ಸ್ಥಾನವೋ, ಕಟುತನವೋ? ನಮ್ಮವರಲ್ಲೇ ಎರಡು ಪಕ್ಷಗಳಿವೆ. ಸಮ್ಮೇಳನದ ಊಟದ ಸಾಲಿನಲ್ಲಿ ಸಹ ಅವರು ಅಕ್ಕಪಕ್ಕ ನಿಲ್ಲುವುದಿಲ್ಲ.


ಬಿಜೈ ಬಾಲ್ಕನಿ
ರಾತ್ರಿ 9.40

ಒಂದು ದಡ್ಡ ಪ್ರಶ್ನೆ. ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲವಲ್ಲ? ಅವಳು ತಲೆ ತಿರುಗಿಸದೆ ಕಣ್ಣನ್ನು ಮಾತ್ರ ಹೊರಳಿಸಿದರೆ ನುಣುಪು ಗುಂಡಿ ತಪ್ಪಿ ಜೇನುಗೂಡಿನ ಮೂಲಕವೇ ನೋಡುತ್ತಾಳೆ. ಆಗ ಕಡೆಗಣ್ಣು ಯಾವುದು, ನಡುಗಣ್ಣು ಯಾವುದು?


ಕಣ್ಣಳತೆ
ರಾತ್ರಿ 9.52

ದಡ್ಡ ಪ್ರಶ್ನೆಯಲ್ಲ, ಇದೇ ಪ್ರಶ್ನೆ ಕೇಳಿ ಎಷ್ಟೋ ಮಂದಿ "ಕಡೆಗಣ್ಣಿನ ಸಿದ್ಧಾಂತ" ಎಂಬ ಹೆಸರನ್ನೇ ಬಿಡಿ ಎನ್ನುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಆದರೆ ಕಣ್ಣಿನ ಜೊತೆಗೇ ಹೊರಳುತ್ತದೆ, ಕನ್ನಡಕ ಹೊರಳುವುದಿಲ್ಲ. ಹೊರಳಿದಾಗ ಫೋವಿಯಾಕ್ಕೂ ಎರಡು ಬಿಂಬ ಬೀಳುತ್ತದೆ, ನೋಟ ಸ್ವಲ್ಪ ಮೆತ್ತಗಾಗುತ್ತದೆ. ಮಕ್ಕಳು ಒಂದೆರಡು ವಾರದಲ್ಲಿ ತಲೆ ತಿರುಗಿಸಿ ನೋಡಲು ಕಲಿತುಬಿಡುತ್ತಾರೆ. ಆದರೆ ಇದರಿಂದ ಒಂದು ವಿಷಯ ಸ್ಪಷ್ಟ: ಗಾಜು ಕಣ್ಣಿನ ಎದುರು ಸರಿಯಾಗಿ ಕೂರದಿದ್ದರೆ ದುಡ್ಡು ದಂಡ.


ಪಡುಬಿದ್ರಿ ಫ್ರೇಮು
ರಾತ್ರಿ 10.10

ಅಂಗಡಿ ಬಾಗಿಲು ಹಾಕಿ ಬಂದು ಓದುತ್ತಿದ್ದೇನೆ. ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ಈ ಲೆನ್ಸುಗಳ ಪರೀಕ್ಷೆ ಮಾಡಿದವರು ನಮ್ಮ ಕರಾವಳಿಯ ಬೆವರು ಕಂಡಿರಲಾರರು. ಏಪ್ರಿಲಿನಲ್ಲಿ ಶಾಲೆ ಬಿಟ್ಟು ಬರುವ ಮಗುವಿನ ಮೂಗು ನೋಡಿ, ಕನ್ನಡಕ ಮೂಗಿನ ತುದಿಯಲ್ಲಿ ಇರುತ್ತದೆ, ಮಗು ಗಾಜಿನ ಮೇಲಿನಿಂದ ನೋಡುತ್ತಿರುತ್ತದೆ. ನಾಲ್ಕು ಮಿಲಿಮೀಟರ್ ಜಾರಿದರೂ ನುಣುಪು ಜಾಗದ ಅರ್ಧ ತಪ್ಪಿತು.

ನಾನು ಮಾಡುವುದು ಇಷ್ಟು. ಮಕ್ಕಳಿಗೆ ಲೋಹದ ಫ್ರೇಮ್ ಆದರೆ ತಿರುಗಿಸಲು ಬರುವ ಸಿಲಿಕಾನ್ ಮೂಗುಪಟ್ಟಿ, ಪ್ಲಾಸ್ಟಿಕ್ ಆದರೆ ಕಿವಿಯ ಹಿಂದೆ ಸಿಕ್ಕಿಸುವ ರಬ್ಬರ್ ಕೊಕ್ಕೆ ಅಥವಾ ತಲೆಗೆ ಪಟ್ಟಿ. ಪಾಪೆಯ ಎತ್ತರವನ್ನು ಮಗು ನಿಂತಾಗ ಫ್ರೇಮ್ ಹಾಕಿಸಿಯೇ ಗುರುತು ಮಾಡಬೇಕು, ಕುರ್ಚಿಯಲ್ಲಿ ಕೂರಿಸಿ ಅಂದಾಜಿನಲ್ಲಿ ಅಲ್ಲ. ತಿಂಗಳಿಗೊಮ್ಮೆ ಅಂಗಡಿಗೆ ಕಳುಹಿಸಿ, ಬಿಗಿ ಮಾಡಿಸಲು ದುಡ್ಡಿಲ್ಲ. ಹದಿನೆಂಟು ಸಾವಿರದ ಗಾಜನ್ನು ಸಡಿಲ ಕಾಲಿನ ಫ್ರೇಮಿಗೆ ಹಾಕಿಸಿದವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ.


ಬಿಜೈ ಬಾಲ್ಕನಿ
ಮಂಗಳವಾರ, ರಾತ್ರಿ 8.30

ಶೆಟ್ಟರೇ (ಪಡುಬಿದ್ರಿಯೆಂದರೆ ಶೆಟ್ಟರೇ ಇರಬೇಕೆಂದು ಊಹೆ), ಇವತ್ತು ಸಂಜೆ ಅವಳು ಓದುವಾಗ ಎದುರು ಕೂತು ನೋಡಿದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಪಾಪೆ ಇರುವುದು ಒಂದು ಕಡೆ, ಗುಂಡಿ ಇರುವುದು ಇನ್ನೊಂದು ಕಡೆ. ನಾಳೆ ಫ್ರೇಮ್ ಬಿಗಿ ಮಾಡಿಸುತ್ತೇನೆ. ಕೊಟ್ಟವರು ಇದನ್ನು ಒಂದು ಮಾತು ಹೇಳಲಿಲ್ಲ.


ಪಡುಬಿದ್ರಿ ಫ್ರೇಮು
ರಾತ್ರಿ 8.41

ಕಾಮತ. ಆದರೂ ಪರವಾಗಿಲ್ಲ.


ಕಣ್ಣಳತೆ
ರಾತ್ರಿ 9.30

ಮಲ್ಪೆಯವರ ಸಮುದ್ರಕ್ಕೆ ಬರುತ್ತೇನೆಂದಿದ್ದೆ.

ಡಯಾಪ್ಟರ್ ಎಂದರೆ ದೂರದ ಮೀಟರನ್ನು ತಲೆಕೆಳಗು ಮಾಡಿದ ಲೆಕ್ಕ, ಮೇಷ್ಟ್ರು ತಿದ್ದಲಿ. ಪುಸ್ತಕ ಮೂವತ್ತಮೂರು ಸೆಂಟಿಮೀಟರ್ ದೂರದಲ್ಲಿದ್ದರೆ 3, ಎರಡು ಮೀಟರ್ ಆಚೆಯ ಗೋಡೆ 0.5, ಕೈಗೆ ತಾಗುವ ನೀರಿನ ಬಾಟಲಿ 2. ಓದುವ ಕೋಣೆಯಲ್ಲಿ ಕೂತ ಮಗುವಿನ ಕಣ್ಣಿನ ನಡುವಿಗೆ ಒಂದು ಲೆಕ್ಕ, ಅಂಚಿಗೆ ಹತ್ತು ಬೇರೆ ಬೇರೆ ಲೆಕ್ಕ. ತಲೆಯೆತ್ತಿ ಗೋಡೆ ನೋಡಿದರೆ ಅಂಚಿನಲ್ಲಿ ಬಾಟಲಿ, ಮೇಜಿನ ತುದಿ, ಬಿಂಬ ಹಿಂದೆ. ಹೊರಗೆ ಮೈದಾನಕ್ಕೆ ಬಂದರೆ ಐದು ಮೀಟರ್ ಆಚೆಯದ್ದೆಲ್ಲ 0.2ರ ಒಳಗೆ. ಸಮುದ್ರ ದಂಡೆಯಲ್ಲಂತೂ ನಡುವೂ ಅಂಚೂ ಒಂದೇ ಸಮ. ಕಣ್ಣಿಗೆ ಗೊಂದಲವಿಲ್ಲ. ಐರ್ಲೆಂಡಿನ ಫ್ಲಿಟ್‌ಕ್ರಾಫ್ಟ್ 2012ರಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು.

ಅದರ ಮೇಲೆ ಬೆಳಕು. ಜೋರು ಬೆಳಕಿಗೆ ಅಕ್ಷಿಪಟಲ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚು ಬಿಡುತ್ತದೆ, ಅದು ಬೆಳವಣಿಗೆಗೆ ಕಡಿವಾಣ. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ, ಫಲ ಮಾತ್ರ ಕಂಡಿದೆ. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದದ್ದು 30.4 ಶೇಕಡಾ ಮಕ್ಕಳಿಗೆ, ಹಾಗೆ ಬಿಡದ ಶಾಲೆಗಳಲ್ಲಿ 39.5. ಮೇಷ್ಟ್ರ ಮೊಮ್ಮಗನಿಗೆ ಇದೇ ಮದ್ದು. ಏಕೆಂದರೆ ಹೊರಗಿನ ಹೊತ್ತು ಮೈನಸ್ ಬರುವುದನ್ನು ತಡೆಯಲು ಹೆಚ್ಚು ಒಳ್ಳೆಯದು, ಬಂದ ಮೇಲೆ ಏರಿಕೆ ತಡೆಯಲು ಅಷ್ಟಾಗಿ ಅಲ್ಲ.


ಕುಂದಾಪುರದವಳು
ರಾತ್ರಿ 9.47

ಅಕ್ಕ, ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮೂರಲ್ಲಿ ಹೊರಗೆ ಬಿಡುವುದು ಎಂದರೆ ನೆಗಡಿಗೆ ಕರೆ ಕೊಟ್ಟ ಹಾಗೆ. ಆಟಿಯ ಮಳೆಗೆ ನಾಯಿಯೂ ಅಂಗಳಕ್ಕೆ ಇಳಿಯುವುದಿಲ್ಲ.


ಬಿಜೈ ಬಾಲ್ಕನಿ
ಶನಿವಾರ, ಮಧ್ಯಾಹ್ನ 3.20

ಅದಕ್ಕೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡೆ. ಕರಾರುವಾಕ್ಕು ಎನ್ನಲಾರೆ, ಹೋಲಿಕೆಗೆ ಸಾಕು. ಅವಳ ಓದುವ ಮೇಜಿನ ಮೇಲೆ ಟ್ಯೂಬ್‌ಲೈಟ್ ಹಾಕಿ 190 ಲಕ್ಸ್. ಈಗ ಧೋ ಎಂದು ಮಳೆ, ಬಾಲ್ಕನಿಯ ಅಂಚಿನಲ್ಲಿ ಮೊಬೈಲನ್ನು ಆಕಾಶಕ್ಕೆ ಹಿಡಿದರೆ 2,600. ಬೆಳಗ್ಗೆ ಒಂದು ಗಂಟೆ ಹೊಳವಾದಾಗ ಕದ್ರಿ ಪಾರ್ಕಿನ ಮರದ ನೆರಳಿನಲ್ಲಿ 7,000 ದಾಟಿತ್ತು. ಇಷ್ಟು ವರ್ಷ ಆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆವು. ಇನ್ನು ಸಂಜೆಯ ತಿಂಡಿ, ಚೆನ್ನೆಮಣೆ, ಬಾಯಿಪಾಠ ಎಲ್ಲ ಅಲ್ಲೇ. ಒಗೆದ ಬಟ್ಟೆ ಕೋಣೆಯೊಳಗೆ ಒಣಗುತ್ತಿದೆ, ಮನೆಯಲ್ಲಿ ವಾಸನೆ, ಹೆಂಡತಿಗೆ ನನ್ನ ವಿಜ್ಞಾನದ ಮೇಲೆ ಸಿಟ್ಟು.


ಮಲ್ಪೆ ಗಾಳಿ
ಸಂಜೆ 4.05

ಮಳೆ ಬಿಟ್ಟ ಮೇಲೆ ಮಗುವನ್ನು ಕರೆದುಕೊಂಡು ಬನ್ನಿ. ದಂಡೆ ನನ್ನದಲ್ಲ, ಆದರೂ ನನ್ನದೇ ಎಂದು ತಿಳಿಯಿರಿ. ತಂಬುಳಿಯೂ ಉಂಟು.


ಅಜ್ಜರಕಾಡು ಮೇಷ್ಟ್ರು
ಸಂಜೆ 5.30

ನಂಬರು ಏರದಂತೆ ಕಣ್ಣಿಗೆ ಹಾಕುವ ಆಟ್ರೋಪಿನ್ ಎಂಬ ಔಷಧದ ಹನಿಯ ಬಗ್ಗೆಯೂ ಯಾರೋ ಹೇಳಿದರು. ಅದು ಈ ಕಡೆಗಣ್ಣಿನ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?


ಕಣ್ಣಳತೆ
ಸಂಜೆ 7.10

ಎಲ್ಲಿಯೂ ಬರುವುದಿಲ್ಲ ಮೇಷ್ಟ್ರೇ, ಅದು ಬೇರೆ ದಾರಿ. ಹಾಂಗ್‌ಕಾಂಗಿನ 2019ರ ಪರೀಕ್ಷೆಯಲ್ಲಿ ತೀರಾ ತೆಳುವಾದ 0.01ಕ್ಕಿಂತ 0.05 ಶೇಕಡಾದ ಹನಿ ಚೆನ್ನಾಗಿ ಕೆಲಸ ಮಾಡಿತು. ನೇತ್ರವೈದ್ಯರು ಬರೆದುಕೊಟ್ಟರೆ ಮಾತ್ರ. ಇಲ್ಲಿ ಪ್ರಮಾಣ ಕೇಳಬೇಡಿ, ಹೇಳುವುದಿಲ್ಲ.

ಬಿಜೈಯವರೇ, ನಂಬರು ಮಾತ್ರ ಬರೆಸಿಕೊಂಡು ಬರಬೇಡಿ. ಕಣ್ಣಿನ ಉದ್ದವನ್ನು ಬೆಳಕಿನಿಂದ ಅಳೆಯುವ ಯಂತ್ರವಿದೆ, ಕಣ್ಣಿಗೆ ತಾಗುವುದೂ ಇಲ್ಲ. ಆ ಅಂಕಿ ಮಿಲಿಮೀಟರಿನಲ್ಲಿ ಬೇಕು ಎಂದು ಕೇಳಿ. ಆರು ತಿಂಗಳಿಗೊಮ್ಮೆ, ಅದೇ ಯಂತ್ರದಲ್ಲಿ.


ಬಿಜೈ ಬಾಲ್ಕನಿ
ಆರು ತಿಂಗಳ ನಂತರ, ಭಾನುವಾರ, ಬೆಳಗ್ಗೆ 10.15

ಹಳೆಯ ಎಳೆಯನ್ನು ಮೇಲೆ ತರುತ್ತಿದ್ದೇನೆ. ಆಗ ಬಲಗಣ್ಣು 24.11, ಎಡಗಣ್ಣು 24.06 ಇತ್ತು. ನಿನ್ನೆ 24.19 ಮತ್ತು 24.16. ನಂಬರು ಬಲಕ್ಕೆ ಹಾಗೇ ಇದೆ, ಎಡಕ್ಕೆ ಕಾಲು ಏರಿದೆ. ಕುಣಿಯಬಹುದೇ?


ಕಣ್ಣಳತೆ
ಬೆಳಗ್ಗೆ 11.02

ಕುಣಿಯಬೇಡಿ, ಮುಗುಳ್ನಗಬಹುದು. ಈ ವಯಸ್ಸಿನಲ್ಲಿ ನಂಬರಿಲ್ಲದ ಮಕ್ಕಳ ಕಣ್ಣೂ ಸ್ವಲ್ಪ ಬೆಳೆದೇ ಬೆಳೆಯುತ್ತದೆ. ಆರು ತಿಂಗಳಿಗೆ 0.08, 0.10 ಎಂದರೆ ಅವಳ ಹಿಂದಿನ ವೇಗಕ್ಕೆ ಹೋಲಿಸಿದರೆ ಒಳ್ಳೆಯದೇ. ಆದರೆ ಅದರಲ್ಲಿ ಗಾಜಿನ ಪಾಲೆಷ್ಟು, ಬಾಲ್ಕನಿಯ ಪಾಲೆಷ್ಟು, ಬೆಳೆಯುತ್ತಾ ತಾನಾಗಿ ತಗ್ಗಿದ್ದೆಷ್ಟು ಎಂದು ಒಂದು ಮಗುವನ್ನು ನೋಡಿ ಹೇಳಲಾಗದು. ಮುಂದಿನ ಅಳತೆ ಏಪ್ರಿಲಿನಲ್ಲಿ. ಗಾಜು ಹೇಗಿದೆ?


ಬಿಜೈ ಬಾಲ್ಕನಿ
ಬೆಳಗ್ಗೆ 11.20

ಅದೇ ಚಿಂತೆ. ಯೂನಿಫಾರ್ಮಿನ ಲಂಗದ ಅಂಚಿನಿಂದ ಒರೆಸಿ ಒರೆಸಿ ಒಂದು ಬದಿಯ ಜೇನುಗೂಡಿನ ಮೇಲೆ ಗೀರು ಬಿದ್ದಿದೆ. ಬೈದರೆ "ಅದು ಸೈಡು ಅಪ್ಪ, ನಡುವೆ ಸರಿಯಾಗಿಯೇ ಕಾಣುತ್ತದೆ" ಎನ್ನುತ್ತಾಳೆ.


ಪಡುಬಿದ್ರಿ ಫ್ರೇಮು
ಬೆಳಗ್ಗೆ 11.31

ಒಣಗಾಜು ಒರೆಸಲೇಬಾರದು. ಮೊದಲು ನಲ್ಲಿಯ ನೀರು, ಆಮೇಲೆ ಕನ್ನಡಕದ ಪೆಟ್ಟಿಗೆಯಲ್ಲಿ ಬರುವ ಮೆತ್ತನೆ ಬಟ್ಟೆ. ಅಂಗಡಿಗೆ ಕಳುಹಿಸಿ, ನಾಲ್ಕು ಬಟ್ಟೆ ಕೊಡುತ್ತೇನೆ. ಒಂದು ಶಾಲೆಯ ಚೀಲದಲ್ಲಿ, ಒಂದು ಬಾಲ್ಕನಿಯಲ್ಲಿ ಇಡಿ.